ಸರ್ಪಗಂಧದ ಬೇರು ಮತ್ತು ಬಿಳಿಯ ಗುಳಿಗೆ

"ಅದು ಬರೀ ಗಿಡಮೂಲಿಕೆ, ಅದರಿಂದ ಏನು ಅಪಾಯ ಸ್ವಾಮಿ?" ಎಂಬ ಮಾತನ್ನು ಕೇಳದ ದಿನ ನನಗೆ ಕಡಿಮೆ. ನಿವೃತ್ತನಾದ ಮೇಲೆ ಬೆಳಗಿನ ವಾಯುವಿಹಾರಕ್ಕೆ ಬರುವ ನನ್ನ ಸಮವಯಸ್ಕರಲ್ಲಿ ರಾಜಕೀಯವನ್ನು ಬಿಟ್ಟರೆ ಹೆಚ್ಚು ಚರ್ಚೆಯಾಗುವ ವಿಷಯವೆಂದರೆ ಔಷಧಿಗಳೇ. ಒಂದು ಪಕ್ಷದವರು ಇಂಗ್ಲಿಷ್ ಔಷಧವೆಲ್ಲ ವಿಷ, ಬೇರುನಾರುಗಳೆಲ್ಲ ಅಮೃತ ಎನ್ನುವವರು. ಇನ್ನೊಂದು ಪಕ್ಷದವರು ಬೇರುನಾರುಗಳಲ್ಲಿ ಮಣ್ಣಲ್ಲದೆ ಮತ್ತೇನೂ ಇಲ್ಲ, ಅವುಗಳಿಂದ ಒಳಿತೂ ಆಗದು, ಕೆಡುಕೂ ಆಗದು ಎನ್ನುವವರು. ಈ ಎರಡು ಪಕ್ಷಗಳಿಗೂ ನಾನು ಹೇಳಬಯಸುವುದು ಒಂದೇ: ನಮ್ಮ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧವೆಂಬ ಪುಟ್ಟ ಗಿಡದ ಚರಿತ್ರೆಯನ್ನು ಒಮ್ಮೆ ಓದಿ ನೋಡಿ. ನಾಟಿ ಮದ್ದು ಮತ್ತು ವೈದ್ಯರ ಚೀಟಿಯ ಮದ್ದು ಬೇರೆ ಬೇರೆ ಲೋಕಗಳಿಗೆ ಸೇರಿದವೆಂಬ ಭಾವನೆ ಎಷ್ಟು ತೆಳುವಾದದ್ದು ಎಂಬುದು ಅದರಿಂದ ತಿಳಿಯುತ್ತದೆ.

ಸರ್ಪಗಂಧ ಎರಡು ಮೂರು ಅಡಿಗಿಂತ ಎತ್ತರಕ್ಕೆ ಬೆಳೆಯದ ಗಿಡ. ಗೆಣ್ಣುಗೆಣ್ಣಿಗೆ ಸಾಮಾನ್ಯವಾಗಿ ಮೂರು ಮೂರಾಗಿ ಹೊಳೆಯುವ ಎಲೆಗಳು, ಬಿಳಿಯ ಅಥವಾ ನಸುಗೆಂಪು ಬೆರೆತ ಹೂಗೊಂಚಲು, ಮಾಗಿದಾಗ ಕಪ್ಪಾಗುವ ಸಣ್ಣ ಹಣ್ಣು. ನಮ್ಮ ಅಂಗಳದ ಕಣಗಿಲೆ, ನಂದಿಬಟ್ಟಲುಗಳ ಕುಟುಂಬಕ್ಕೆ ಸೇರಿದ್ದು. ಕನ್ನಡದ ಹಳೆಯ ಮೂಲಿಕಾ ಪಟ್ಟಿಗಳಲ್ಲಿ ಇದಕ್ಕೆ ಸೂತ್ರನಾಭಿ ಎಂಬ ಹೆಸರೂ ಉಂಟು. ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲಿ, ಹಿಮಾಲಯದ ತಪ್ಪಲಿನಲ್ಲಿ, ಅಸ್ಸಾಮಿನಲ್ಲಿ ಬೆಳೆಯುತ್ತದೆ. ಮದ್ದಿಗೆ ಬಳಸುವುದು ಬೇರನ್ನು; ಅದರ ಕಹಿ ನಾಲಿಗೆಯಿಂದ ಬೇಗ ಹೋಗುವುದಿಲ್ಲ.

ಇದರ ಶಾಸ್ತ್ರೀಯ ನಾಮ ರಾವುಲ್ಫಿಯಾ ಸರ್ಪೆಂಟಿನಾ. ಹೆಸರಿನ ಮೊದಲರ್ಧ 16ನೆಯ ಶತಮಾನದ ಜರ್ಮನ್ ವೈದ್ಯ ಲಿಯೊನಾರ್ಟ್ ರಾವುಲ್ಫನದು. ಫ್ರೆಂಚ್ ಸಸ್ಯಶಾಸ್ತ್ರಜ್ಞ ಪ್ಲೂಮಿಯೆ 1703ರಲ್ಲಿ ಅಮೆರಿಕ ಖಂಡದ ಒಂದು ಗಿಡಕ್ಕೆ ಅವನ ಗೌರವಾರ್ಥ ಆ ಹೆಸರಿಟ್ಟ. ಅದರ ಭಾರತೀಯ ದಾಯಾದಿಗೂ ಅದೇ ಅಂಟಿಕೊಂಡಿತು. ಸ್ವಾರಸ್ಯವೆಂದರೆ ರಾವುಲ್ಫನು ಪಶ್ಚಿಮ ಏಷ್ಯಾದಲ್ಲಿ ಅಲೆದಾಡಿದ್ದನೇ ಹೊರತು ಭಾರತಕ್ಕೆ ಬಂದವನೇ ಅಲ್ಲ. ಇನ್ನು ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಬರುವ ಸರ್ಪಗಂಧಾ ಎಂಬ ಹೆಸರು ಇದೇ ಗಿಡಕ್ಕೆ ಸಲ್ಲುತ್ತದೆಯೆ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಗೋವೆಯಲ್ಲಿ ನೆಲಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ 1563ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹಾವಿನ ವಿಷಕ್ಕೆ ಬಳಸುವ ಇಂತಹ ಬೇರುಗಳ ಪ್ರಸ್ತಾಪ ಮಾಡಿದ್ದಾನೆ.

ಜನಬಳಕೆಯಲ್ಲಿ ಈ ಬೇರಿಗೆ ಎರಡು ಕೆಲಸಗಳಿದ್ದವು. ಒಂದು, ಹಾವು ಕಚ್ಚಿದವರಿಗೆ ಅರೆದು ಕುಡಿಸುವುದು. ಇದನ್ನು ನಂಬಿ ಎಷ್ಟು ಜೀವಗಳು ಹೋದವೋ ಲೆಕ್ಕವಿಟ್ಟವರಿಲ್ಲ. ನಾಗರಹಾವಿನ ವಿಷಕ್ಕೆ ಇದು ಮದ್ದಲ್ಲ. ಇನ್ನೊಂದು, ಬುದ್ಧಿ ಕೆರಳಿದವರನ್ನು ಶಾಂತಗೊಳಿಸುವುದು. ಬಿಹಾರದ ಕಡೆ ಇದಕ್ಕೆ 'ಪಾಗಲ್ ಕೀ ದವಾ', ಅಂದರೆ ಹುಚ್ಚಿನ ಮದ್ದು, ಎಂದೇ ಹೆಸರು. ಅಲ್ಲಿ ಅಳುವ ಕೂಸುಗಳನ್ನು ಮಲಗಿಸಲೂ ತಾಯಂದಿರು ಇದನ್ನು ಕೊಡುತ್ತಿದ್ದರಂತೆ. ಈ ಎರಡನೆಯ ಬಳಕೆ ಪೊಳ್ಳಲ್ಲವೆಂದು ಮುಂದೆ ಪ್ರಯೋಗಾಲಯಗಳು ತೋರಿಸಿಕೊಟ್ಟವು. ಒಂದೇ ಬೇರು, ಒಂದೇ ಪರಂಪರೆ. ಅದರ ಒಂದು ಮಾತು ನಿಜ, ಇನ್ನೊಂದು ಸುಳ್ಳು. ಪರಂಪರೆಯನ್ನು ಇಡಿಯಾಗಿ ನಂಬುವವರೂ ಇಡಿಯಾಗಿ ತಳ್ಳುವವರೂ ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

"ಸಾವಿರಾರು ವರ್ಷಗಳಿಂದ ನಮ್ಮ ಹಿರಿಯರು ರಕ್ತದೊತ್ತಡಕ್ಕೆ ಸರ್ಪಗಂಧ ಕೊಡುತ್ತಿದ್ದರು" ಎಂದು ಕೆಲವು ಪುಸ್ತಿಕೆಗಳು ಬರೆಯುತ್ತವೆ. ಇದು ಸಾಧ್ಯವಿಲ್ಲದ ಮಾತು. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುವ ಉಪಕರಣವನ್ನು ಇಟಲಿಯ ರಿವಾ ರೋಚಿ ರೂಪಿಸಿದ್ದು 1896ರಲ್ಲಿ. ಸ್ಟೆಥಾಸ್ಕೋಪಿನಿಂದ ಶಬ್ದ ಕೇಳಿ ಮೇಲಿನ ಕೆಳಗಿನ ಅಂಕಿಗಳೆರಡನ್ನೂ ಗುರುತಿಸುವ ವಿಧಾನವನ್ನು ರಷ್ಯದ ಕೊರೊಟ್ಕಾಫ್ ತಿಳಿಸಿದ್ದು 1905ರಲ್ಲಿ. ಅಳೆಯಲು ಬಾರದ್ದನ್ನು ಇಳಿಸಿದೆವೆಂದು ಯಾವ ಹಿರಿಯರೂ ಹೇಳಿಕೊಂಡಿರಲಿಲ್ಲ. ಈ ಹೊಗಳಿಕೆ ನಾವು ಅವರ ತಲೆಗೆ ಕಟ್ಟಿದ್ದು.

ನಿಜವಾದ ಕಥೆ ಆರಂಭವಾಗುವುದು 1931ರಲ್ಲಿ. ಆ ಒಂದೇ ವರ್ಷ ಎರಡು ಕಡೆ ಎರಡು ಕೆಲಸಗಳು ನಡೆದವು. ಕಲ್ಕತ್ತೆಯಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬಿಬ್ಬರು ಈ ಬೇರಿನ ಪುಡಿಯನ್ನು ಉನ್ಮಾದಕ್ಕೂ ಏರಿದ ರಕ್ತದೊತ್ತಡಕ್ಕೂ ಕೊಟ್ಟು ನೋಡಿ ಲೇಖನ ಬರೆದರು. ಅವರು ಕೊಡುತ್ತಿದ್ದ ಪ್ರಮಾಣ ದಿನಕ್ಕೆರಡು ಸಲ 20ರಿಂದ 30 ಗ್ರೇನ್, ಎಂದರೆ ಸಲಕ್ಕೆ ಹೆಚ್ಚುಕಡಿಮೆ ಒಂದೂಕಾಲರಿಂದ ಎರಡು ಗ್ರಾಂ. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನ ಸಂಶೋಧನಾಲಯದಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಬೇರಿನಿಂದ ಹಲವು ಕ್ಷಾರಸತ್ತ್ವಗಳನ್ನು ಹರಳುರೂಪದಲ್ಲಿ ಬೇರ್ಪಡಿಸಿದರು. ಸಂಶೋಧನಾಲಯಕ್ಕೆ ಆಶ್ರಯ ನೀಡಿದ್ದ ಯುನಾನಿ ವೈದ್ಯ, ಸ್ವಾತಂತ್ರ್ಯ ಹೋರಾಟದ ನಾಯಕ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅವುಗಳಲ್ಲೊಂದನ್ನು ಅಜ್ಮಲೀನ್ ಎಂದು ಕರೆದರು. 1933ರಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯ ರಾಮನಾಥ ಚೋಪ್ರಾ ಮತ್ತು ಅವರ ಸಹೋದ್ಯೋಗಿಗಳು ಬೇರಿನ ಸತ್ತ್ವದ ಕ್ರಿಯೆಯನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದರು. ದೇಶದಲ್ಲಿ ಮಾರಾಟವಾಗುತ್ತಿದ್ದ ಕಲಬೆರಕೆ ಔಷಧಿಗಳ ವಿಚಾರಣೆಗೆ ಸರ್ಕಾರ ನೇಮಿಸಿದ್ದ ಸಮಿತಿಗೆ ಅಧ್ಯಕ್ಷರಾಗಿದ್ದವರೂ ಇದೇ ಚೋಪ್ರಾ. ಆ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲೇ 1940ರ ಔಷಧ ಕಾಯಿದೆ ಬಂದಿತು.

ಈ ನಡುವೆ, 1930ರಲ್ಲಿ ಡೆಹರಾಡೂನಿನಲ್ಲಿ ಆರಂಭವಾಗಿ ಮುಂದೆ ನಮ್ಮ ಬೆಂಗಳೂರಿನಲ್ಲಿ ನೆಲೆಗೊಂಡ ಹಿಮಾಲಯ ಸಂಸ್ಥೆ 1934ರಲ್ಲಿ ಈ ಬೇರನ್ನೇ 'ಸರ್ಪಿನಾ' ಎಂಬ ಗುಳಿಗೆಯಾಗಿಸಿ ಮಾರುಕಟ್ಟೆಗೆ ತಂದಿತು. ಸಂಸ್ಥಾಪಕರು ಬರ್ಮಾದಲ್ಲಿ ಕೆರಳಿದ ಆನೆಗಳಿಗೆ ಮಾವುತರು ಈ ಬೇರು ತಿನ್ನಿಸುವುದನ್ನು ಕಂಡಿದ್ದರೆಂದು ಸಂಸ್ಥೆ ತನ್ನ ಇತಿಹಾಸದಲ್ಲಿ ಹೇಳಿಕೊಳ್ಳುತ್ತದೆ.

ಹೀಗೆ ನಮ್ಮ ದೇಶದ ವೈದ್ಯರು ಇಪ್ಪತ್ತು ವರ್ಷ ಬಳಸಿದ ಮೇಲೆ ಹೊರಜಗತ್ತಿಗೆ ಸುದ್ದಿ ಮುಟ್ಟಿತು. ಮುಟ್ಟಿಸಿದವರು ಮುಂಬಯಿಯ ಹೃದ್ರೋಗ ತಜ್ಞ ರುಸ್ತುಮ್ ಜಾಲ್ ವಕೀಲ್. 1949ರಲ್ಲಿ 'ಬ್ರಿಟಿಷ್ ಹಾರ್ಟ್ ಜರ್ನಲ್' ಪತ್ರಿಕೆಯಲ್ಲಿ ಅವರು 50 ರೋಗಿಗಳ ರಕ್ತದೊತ್ತಡವನ್ನು ಕ್ರಮವಾಗಿ ಅಳೆದು ದಾಖಲಿಸಿದ ವರದಿ ಪ್ರಕಟಿಸಿದರು. ಬೇರಿನಲ್ಲಿ ಹೊಸದೇನೂ ಸೇರಿರಲಿಲ್ಲ. ಸೇರಿದ್ದು ಅಂಕಿಗಳ ಪಟ್ಟಿ. ಅದನ್ನು ನೋಡಿ ಬೋಸ್ಟನ್ ನಗರದ ರಾಬರ್ಟ್ ವಿಲ್ಕಿನ್ಸ್ ತಮ್ಮ ರೋಗಿಗಳಲ್ಲಿ ಪ್ರಯೋಗಿಸಿದರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸೀಬಾ ಸಂಸ್ಥೆಯ ಮುಲ್ಲರ್, ಶ್ಲಿಟ್ಲರ್, ಬೈನ್ ಎಂಬ ಮೂವರು 1952ರಲ್ಲಿ ರಿಸರ್ಪಿನ್ ಎಂಬ ಶುದ್ಧ ಸತ್ತ್ವವನ್ನು ಹೊರತೆಗೆದರು. ನಿದ್ದೆ ಬರಿಸುವ ಗುಣ ಬೇರಿನ ಅಂಟಿನಂಶದಲ್ಲಿದೆಯೆಂದು ಭಾರತದ ಸಂಶೋಧಕರು ಅದಕ್ಕೆ ಮೊದಲೇ ಕಂಡುಕೊಂಡಿದ್ದರು; ಆದರೆ ಆ ಅಂಟನ್ನು ಶುದ್ಧಗೊಳಿಸಿ ಹರಳು ತೆಗೆದ ಕೀರ್ತಿ ಬಾಸೆಲ್ಲಿಗೆ ಹೋಯಿತು. 1953ರಲ್ಲಿ 'ಸರ್ಪಾಸಿಲ್' ಎಂಬ ಹೆಸರಿನ ಬಿಳಿಯ ಗುಳಿಗೆ ಅಂಗಡಿಗೆ ಬಂದಿತು. ನ್ಯೂಯಾರ್ಕ್ ಪ್ರಾಂತದ ರಾಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟರು. ಬಿಹಾರದ ಹಳ್ಳಿಗರು ಹುಚ್ಚಿನ ಮದ್ದೆಂದು ಕರೆದದ್ದು ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲಿ ಹುಚ್ಚಿನ ಮದ್ದೇ ಆಯಿತು. 1957ರ ಲಾಸ್ಕರ್ ಪ್ರಶಸ್ತಿಯ ಗೌರವ ಪಡೆದವರಲ್ಲಿ ಕ್ಲೈನ್ ಅವರೂ ನಮ್ಮ ವಕೀಲರೂ ಇದ್ದರು. ಇಷ್ಟು ದೊಡ್ಡ ಹೆಸರು ನಮ್ಮ ಶಾಲೆಯ ಯಾವ ಪಠ್ಯದಲ್ಲೂ ಬರಲಿಲ್ಲವೆಂಬುದು ನನ್ನ ಹಳೆಯ ಕೊರಗು.

ಇನ್ನು ಇದರ ಕ್ರಿಯೆ ಹೇಗೆ? ನಮ್ಮ ನರತಂತುಗಳು ಒಂದಕ್ಕೊಂದು ಸುದ್ದಿ ಕಳುಹಿಸಲು ಕೆಲವು ರಾಸಾಯನಿಕಗಳನ್ನು ಬಳಸುತ್ತವೆ. ಅವನ್ನು ನರದ ತುದಿಯಲ್ಲಿ ಪುಟ್ಟ ಚೀಲಗಳಲ್ಲಿ ತುಂಬಿಟ್ಟುಕೊಳ್ಳುತ್ತವೆ. ರಿಸರ್ಪಿನ್ ಆ ಚೀಲಗಳಿಗೆ ಸರಕು ತುಂಬುವ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಹೊರಗುಳಿದ ಸರಕು ನಾಶವಾಗಿ ಕಣಜ ಬರಿದಾಗುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸುವ ಆಜ್ಞೆ ದುರ್ಬಲವಾಗಿ ಒತ್ತಡ ಇಳಿಯುತ್ತದೆ. ಮಿದುಳಿನಲ್ಲಿಯೂ ಇದೇ ನಡೆದು ಮನಸ್ಸು ಮಂದವಾಗುತ್ತದೆ. ಕಣಜ ಬರಿದಾಗಲು ದಿನಗಳು ಬೇಕು, ಮತ್ತೆ ತುಂಬಲೂ ದಿನಗಳು ಬೇಕು. ಆದ್ದರಿಂದ ಇದರ ಪೂರ್ಣ ಪ್ರಭಾವ ಕಾಣಲು ಎರಡು ಮೂರು ವಾರವಾದರೆ, ನಿಲ್ಲಿಸಿದ ಮೇಲೆ ಇಳಿಯಲೂ ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕಾಗಬಹುದು. ಈ ನಿಧಾನವನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುತ್ತದೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1957ರಲ್ಲಿ ರಿಸರ್ಪಿನ್ ಕೊಟ್ಟು ಸ್ತಬ್ಧವಾಗಿಸಿದ ಮೊಲಗಳನ್ನು ಎಲ್-ಡೋಪಾ ಎಂಬ ದ್ರವ್ಯದಿಂದ ಮತ್ತೆ ಚುರುಕಾಗಿಸಿದರು. ಇಂದು ಪಾರ್ಕಿನ್ಸನ್ ರೋಗಿಗಳು ನುಂಗುವ ಮಾತ್ರೆಯ ಮೂಲ ಆ ಮೊಲಗಳಲ್ಲಿದೆ. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಬಂದಿತು.

ಇಷ್ಟೆಲ್ಲ ಹೊಗಳಿಕೆಯ ನಡುವೆ ಎಚ್ಚರಿಕೆಯ ದನಿಯೂ ಬೇಗನೆ ಕೇಳಿಬಂದಿತು. 1954ರಲ್ಲೇ ಅಮೆರಿಕದ ಎಡ್ವರ್ಡ್ ಫ್ರೈಸ್ ಎಂಬ ವೈದ್ಯರು, ದೊಡ್ಡ ಪ್ರಮಾಣದಲ್ಲಿ ಬಹುಕಾಲ ರಿಸರ್ಪಿನ್ ತೆಗೆದುಕೊಂಡ ರೋಗಿಗಳಲ್ಲಿ ಕೆಲವರು ತೀವ್ರ ಖಿನ್ನತೆಗೆ ಬೀಳುತ್ತಿದ್ದಾರೆಂದು ವರದಿ ಮಾಡಿದರು. ಅಂಥ ವರದಿಗಳು ಹಲವು ಬಂದವು. ಮೂಗು ಕಟ್ಟುವುದು, ನಾಡಿ ನಿಧಾನವಾಗುವುದು, ಹೊಟ್ಟೆಯ ಹುಣ್ಣು ಕೆರಳುವುದು, ಕೈನಡುಕ ಇವೂ ಕಂಡವು. ಇತ್ತ ಲಂಡನ್ನಿನಲ್ಲಿ ಡೇವಿಸ್ ಮತ್ತು ಶೆಪರ್ಡ್ 1955ರಲ್ಲಿ ನಡೆಸಿದ ಹುಸಿಗುಳಿಗೆಯೊಡನೆ ಹೋಲಿಸುವ ಪರೀಕ್ಷೆಯಲ್ಲಿ, ಆತಂಕ ಮತ್ತು ಖಿನ್ನತೆಯ ರೋಗಿಗಳಿಗೆ ಇದೇ ಔಷಧದಿಂದ ಸ್ವಲ್ಪ ಉಪಶಮನವಾಯಿತೆಂಬ ಫಲಿತಾಂಶ ಬಂದಿತು! ಖಿನ್ನತೆಯ ಆಪಾದನೆ ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ ಎಂಬ ವಾದ 21ನೆಯ ಶತಮಾನದಲ್ಲೂ ಮುಂದುವರಿದಿದೆ. ಖಿನ್ನತೆಯ ಇತಿಹಾಸವುಳ್ಳವರಿಗೆ ಕೊಡಬಾರದೆಂಬ ನಿಯಮ ಮಾತ್ರ ಉಳಿಯಿತು, ಉಳಿದದ್ದು ಒಳ್ಳೆಯದೇ ಆಯಿತು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಮುಂದಿನ ಸಂಗತಿ. ಎಚ್ಚರಿಕೆ ಕೊಟ್ಟ ಅದೇ ಫ್ರೈಸ್ ಔಷಧವನ್ನು ಕಸದಬುಟ್ಟಿಗೆ ಎಸೆಯಲಿಲ್ಲ. ಪ್ರಮಾಣವನ್ನು ತಗ್ಗಿಸಿ, ಮೂತ್ರಲ ಔಷಧ ಮತ್ತು ಹೈಡ್ರಲಾಜಿನ್ ಜೊತೆ ಸೇರಿಸಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಪರೀಕ್ಷೆಯೊಂದನ್ನು ನಡೆಸಿದರು. ಕೆಳಗಿನ ಅಂಕಿ 115ರಿಂದ 129ರವರೆಗಿದ್ದ 143 ಮಂದಿ ಪುರುಷರು; 73 ಮಂದಿಗೆ ಔಷಧ, 70 ಮಂದಿಗೆ ಹುಸಿಗುಳಿಗೆ. 1967ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹುಸಿಗುಳಿಗೆ ಪಡೆದವರಲ್ಲಿ 27 ಮಂದಿಗೆ ಗಂಭೀರ ಅನಾಹುತಗಳಾದವು. ಔಷಧ ಪಡೆದವರಲ್ಲಿ ಇಬ್ಬರಿಗೆ ಮಾತ್ರ. ಏರಿದ ರಕ್ತದೊತ್ತಡವನ್ನು ಇಳಿಸಿದರೆ ಪ್ರಾಣ ಉಳಿಯುತ್ತದೆಯೆಂದು ಜಗತ್ತಿಗೆ ಖಚಿತವಾದದ್ದು ಇಂಥ ಪರೀಕ್ಷೆಯಿಂದ. ಅದರಲ್ಲಿ ನಮ್ಮ ಕಾಡಿನ ಬೇರಿನ ಸತ್ತ್ವಕ್ಕೂ ಪಾಲಿದೆ.

ಆಮೇಲೆ 1974ರಲ್ಲಿ ಬೇರೊಂದು ಬಗೆಯ ಅನ್ಯಾಯವಾಯಿತು. 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಟ್ಟಿಗೆ ಮೂರು ಲೇಖನಗಳು ಬಂದು, ರಿಸರ್ಪಿನ್ ನುಂಗುವ ಹೆಂಗಸರಿಗೆ ಸ್ತನದ ಕ್ಯಾನ್ಸರ್ ಹೆಚ್ಚೆಂದು ಹೇಳಿದವು. ಮುಂದಿನ ಅಧ್ಯಯನಗಳು ಇದನ್ನು ಎತ್ತಿಹಿಡಿಯಲಿಲ್ಲ. ತಪ್ಪು ನುಸುಳಿದ ಒಂದು ದಾರಿಯನ್ನು 1985ರ ವಿಶ್ಲೇಷಣೆ ತೋರಿಸಿತು: ಹೋಲಿಕೆಗೆಂದು ಆರಿಸಿಕೊಂಡ ಹೆಂಗಸರ ಗುಂಪಿನಿಂದ ರಕ್ತದೊತ್ತಡ, ಹೃದ್ರೋಗ ಇದ್ದವರನ್ನು ತೆಗೆದುಹಾಕಿದ್ದರು. ಆ ರೋಗವಿಲ್ಲದವರು ಆ ಔಷಧ ನುಂಗುವುದಾದರೂ ಏಕೆ? ಅದರಿಂದ ಕ್ಯಾನ್ಸರ್ ಗುಂಪಿನಲ್ಲೇ ಔಷಧದ ಬಳಕೆ ಹೆಚ್ಚಿದಂತೆ ಕಂಡಿತು. ತಪ್ಪು ತಿದ್ದಿಕೊಳ್ಳುವಷ್ಟರಲ್ಲಿ ಔಷಧದ ಹೆಸರು ಕೆಟ್ಟಿತ್ತು, ಹೊಸ ಮಾತ್ರೆಗಳು ಬಂದಿದ್ದವು. ನಮ್ಮಲ್ಲಿ ಅಡೆಲ್ಫೇನ್ ಎಂಬ ಹೆಸರಿನಲ್ಲಿ ರಿಸರ್ಪಿನ್ ಬೆರೆತ ಮಾತ್ರೆ ಬಹಳ ವರ್ಷ ವೈದ್ಯರ ಚೀಟಿಗಳಲ್ಲಿ ಕಾಣುತ್ತಿತ್ತು. ನನ್ನ ವಯಸ್ಸಿನ ಓದುಗರಿಗೆ ಮನೆಯ ಹಿರಿಯರ ದಿಂಬಿನ ಪಕ್ಕದಲ್ಲಿ ಆ ಹೆಸರು ಕಂಡ ನೆನಪಿರಬಹುದು.

ಇದೆಲ್ಲ ಚರಿತ್ರೆಯೆಂದು ಸುಮ್ಮನಾಗುವಂತಿಲ್ಲ. ಏಕೆಂದರೆ ಗುಳಿಗೆ ಅಂಗಡಿಯಿಂದ ಮರೆಯಾಗುತ್ತ ಬಂದರೂ ಬೇರು ಮರೆಯಾಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ನಿವೃತ್ತ ಗುಮಾಸ್ತರೊಬ್ಬರು ನಿದ್ದೆ ಬಾರದೆಂದು ಯಾರದೋ ಸಲಹೆಯಂತೆ ಗ್ರಂಥಿಗೆ ಅಂಗಡಿಯಿಂದ ಸರ್ಪಗಂಧದ ಪುಡಿ ತಂದರು. ರಾತ್ರಿ ಹಾಲಿನಲ್ಲಿ ಒಂದು ಸಣ್ಣ ಚಮಚ. ರಕ್ತದೊತ್ತಡಕ್ಕೆ ವೈದ್ಯರು ಕೊಟ್ಟಿದ್ದ, ನಾಡಿಯನ್ನು ನಿಧಾನಗೊಳಿಸುವ ಮಾತ್ರೆಯೂ ನಡೆಯುತ್ತಿತ್ತು. ಮೊದಲ ವಾರ ಏನೂ ಆಗಲಿಲ್ಲ. ಮೂರನೆಯ ವಾರದ ಹೊತ್ತಿಗೆ ಸದಾ ಮಂಕು, ಮೂಗು ಕಟ್ಟಿದಂತೆ, ಎದ್ದರೆ ತಲೆಸುತ್ತು. ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಬಿದ್ದರು. ಆಸ್ಪತ್ರೆಯಲ್ಲಿ ನಾಡಿ ನೋಡಿದರೆ ಐವತ್ತಕ್ಕೂ ಕಡಿಮೆ. "ಬೇರೆ ಏನಾದರೂ ಔಷಧ ತಗೋತಿದ್ದೀರಾ ಯಜಮಾನ್ರೆ?" ಎಂದು ವೈದ್ಯರು ಎರಡು ಸಲ ಕೇಳಿದರಂತೆ, ಎರಡು ಸಲವೂ ಇಲ್ಲವೆಂದರು. ಕೊನೆಗೆ ಪೊಟ್ಟಣ ತಂದು ತೋರಿಸಿದವಳು ಸೊಸೆ. ಆಮೇಲೆ ನೋಡಲು ಹೋದಾಗ ಅವರು ನನಗೆ ಹೇಳಿದ್ದು: "ಮೇಷ್ಟ್ರೇ, ನಾನು ಸುಳ್ಳು ಹೇಳಿದ್ದಲ್ಲ. ಅದು ಔಷಧ ಅಂತ ನನಗೆ ಅನ್ನಿಸಲೇ ಇಲ್ಲ."

ಆ ಮಾತು ಕೇಳಿ ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಮೇಷ್ಟರ ಚಾಳಿ ಬಿಡುವುದಿಲ್ಲ. ಒಣಗಿದ ಬೇರಿನಲ್ಲಿ ರಿಸರ್ಪಿನ್ ಅಂಶ ಸುಮಾರು ಸಾವಿರಕ್ಕೆ ಒಂದು ಪಾಲು ಎಂದಿಟ್ಟುಕೊಳ್ಳೋಣ. ಎರಡು ಗ್ರಾಂ ಪುಡಿಯಲ್ಲಿ ಎರಡು ಮಿಲಿಗ್ರಾಂ. ರಕ್ತದೊತ್ತಡಕ್ಕೆ ಈಗಿನ ವೈದ್ಯಗ್ರಂಥಗಳು ಹೇಳುವ ಗುಳಿಗೆಯ ಪ್ರಮಾಣ ದಿನಕ್ಕೆ 0.05ರಿಂದ 0.25 ಮಿಲಿಗ್ರಾಂ. ಪುಡಿಯಲ್ಲಿರುವುದೆಲ್ಲ ರಕ್ತಕ್ಕೆ ಸೇರುವುದಿಲ್ಲವೆಂಬುದು ನಿಜ. ಆದರೂ ಗೆಳೆಯರು ತಮಗೆ ತಿಳಿಯದೆ ನುಂಗುತ್ತಿದ್ದದ್ದು, ಲೆಕ್ಕದ ಮಟ್ಟಿಗೆ, ಒಬ್ಬ ವೈದ್ಯ ಬರೆದುಕೊಡಲು ಹಿಂಜರಿಯುವ ಪ್ರಮಾಣದ ಹತ್ತಿರಕ್ಕೇ ಬರುತ್ತದೆ. ಗುಳಿಗೆಯಾದರೆ ಅದರ ಮೇಲೆ ತೂಕ ಬರೆದಿರುತ್ತದೆ. ಬೇರಿನಲ್ಲಿ ಸತ್ತ್ವದ ಅಂಶ ಗಿಡದ ವಯಸ್ಸು, ಬೆಳೆದ ನೆಲ, ಅಗೆದ ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಸಿಪ್ಪೆಯಲ್ಲಿ ಹೆಚ್ಚು, ಒಳತಿರುಳಿನಲ್ಲಿ ಕಡಿಮೆ. ಸಾಲದ್ದಕ್ಕೆ ಕಾಡಿನಲ್ಲಿ ಗಿಡ ಅಪರೂಪವಾಗಿದೆ; 1990ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟ್ಸ್ ಪಟ್ಟಿಯಲ್ಲಿದೆ. ಆದಕಾರಣ ಇದರ ಹೆಸರಿನಲ್ಲಿ ರಾವುಲ್ಫಿಯಾ ಟೆಟ್ರಾಫಿಲ್ಲ ಎಂಬ, ಅಮೆರಿಕದಿಂದ ಬಂದು ನಮ್ಮಲ್ಲಿ ಕಳೆಯಂತೆ ಹಬ್ಬಿದ ದಾಯಾದಿಯ ಬೇರೂ ಮಾರಾಟವಾಗುತ್ತದೆ. ಪೊಟ್ಟಣದಲ್ಲಿರುವುದು ಯಾವುದು, ಎಷ್ಟು ಬಲದ್ದು ಎಂದು ಮಾರುವವನಿಗೂ ತಿಳಿಯದು. ಪದವಿ ಪಡೆದ ಆಯುರ್ವೇದ ವೈದ್ಯರು ಇದನ್ನು ಕೊಡುವಾಗ ನಾಡಿ ನೋಡುತ್ತಾರೆ, ರಕ್ತದೊತ್ತಡ ಅಳೆಯುತ್ತಾರೆ, ಮತ್ತೇನು ಸೇವಿಸುತ್ತೀರೆಂದು ಕೇಳುತ್ತಾರೆ. ನನ್ನ ತಕರಾರು ಅವರ ಮೇಲಲ್ಲ.

ಶಸ್ತ್ರಚಿಕಿತ್ಸೆಗೆ ಹೋಗುವವರೂ ಇಂಥ ಪುಡಿಯನ್ನು ಅರಿವಳಿಕೆ ಕೊಡುವ ವೈದ್ಯರಿಗೆ ತಪ್ಪದೆ ತಿಳಿಸಬೇಕು. ಹಿಂದಿನ ದಿನ ನಿಲ್ಲಿಸಿದೆನೆಂಬ ಸಮಾಧಾನ ಸಾಲದು. ಬರಿದಾದ ಕಣಜ ಒಂದು ರಾತ್ರಿಯಲ್ಲಿ ತುಂಬುವುದಿಲ್ಲ. ನಮ್ಮ ಗುಮಾಸ್ತರ ನಾಡಿ ಮೊದಲಿನಂತಾಗಲು ಎರಡು ವಾರದ ಮೇಲೆ ಹಿಡಿಯಿತು.

ದೆಹಲಿಯ ಆ ಅಜ್ಮಲೀನ್ ಏನಾಯಿತೆಂದು ಓದುಗರು ಕೇಳಬಹುದು. ಹೃದಯದ ಬಡಿತದ ಲಯ ತಪ್ಪಿ ಹಠಾತ್ತನೆ ಸಾವು ತರಬಲ್ಲ ಬ್ರುಗಾಡ ಎಂಬ ವಂಶವಾಹಿ ತೊಂದರೆಯೊಂದಿದೆ. ಅದು ಕೆಲವರಲ್ಲಿ ಇ.ಸಿ.ಜಿ.ಯಲ್ಲಿಯೂ ಅಡಗಿರುತ್ತದೆ. ಅಂಥವರಿಗೆ ಆಸ್ಪತ್ರೆಯಲ್ಲಿ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು, ತೂಕಕ್ಕೆ ತಕ್ಕಷ್ಟೇ ಅಜ್ಮಲೀನನ್ನು ರಕ್ತನಾಳಕ್ಕೆ ಹನಿಹನಿಯಾಗಿ ಕೊಟ್ಟು, ಗೆರೆ ಬದಲಾಗುತ್ತದೆಯೆ ಎಂದು ವೈದ್ಯರು ಕಣ್ಣಿಟ್ಟು ನೋಡುತ್ತಾರೆ. ಯುರೋಪಿನ ಹಲವು ಆಸ್ಪತ್ರೆಗಳಲ್ಲಿ ಇಂದಿಗೂ ಈ ಪರೀಕ್ಷೆ ನಡೆಯುತ್ತದೆ, ಹಕೀಮರ ಹೆಸರಿನಲ್ಲಿಯೇ.